ಹುಲ್ಲು ಸಂಜೆಗೇ ಹಾಕು

ಅಪ್ಪ,

ಅಮ್ಮನನ್ನು ಕರೆತರಲು ಆರ್ಮಿಡೇಲ್ ಆಸ್ಪತ್ರೆಗೆ ಹೊರಟಿದ್ದೇನೆ. ನಾಳೆ ಮಧ್ಯಾಹ್ನ ಬರುತ್ತೇವೆ. ಜುಲೈ ಚಳಿ, ಇವತ್ತು ರಾತ್ರಿ ಹಿಮ ಬೀಳಬಹುದು.

ಗಬ್ಬದ ಕಡಸುಗಳಿಗೆ ಬೆಳಿಗ್ಗೆ ಏನೂ ಹಾಕಬೇಡ. ಹೊತ್ತು ಮುಳುಗುವ ಮುಂಚೆ ಒಣಹುಲ್ಲು ಹಾಕು, ದಿನಕ್ಕಿಂತ ಧಾರಾಳವಾಗಿ. ಅದು ಹೊಟ್ಟೆಯಲ್ಲಿ ಅರಗುವಷ್ಟು ಹೊತ್ತು ಮೈ ಬೆಚ್ಚಗಿರುತ್ತದೆ. ಸಂಜೆ ತಿಂದವು ಹೆಚ್ಚಾಗಿ ಹಗಲಲ್ಲೇ ಈಯುತ್ತವೆ. ಹೋದ ವರ್ಷ ಕತ್ತಲಲ್ಲಿ ಹುಟ್ಟಿ ಸೆಟೆದುಹೋದ ಕರುಗಳನ್ನು ಹೂತವನು ನೀನೇ.

ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆ. ನೀರಿಲ್ಲದಿದ್ದರೆ ಅವು ಹುಲ್ಲು ಮುಟ್ಟುವುದಿಲ್ಲ.

"ದನಕ್ಕೂ ಗಡಿಯಾರ ಕಟ್ತೀಯೇನೇ?" ಅಂತೀಯ, ಗೊತ್ತು. ಬೇಸಿಗೆಯಲ್ಲೂ ನೀನು ಹಾಗೇ ಅಂದಿದ್ದೆ. ಜನವರಿಯ ಬಿಸಿಲಲ್ಲಿ ಪಕ್ಕದ ನೆವಿಲ್‌ನ ಹೋರಿಗಳು ಬೆಳಿಗ್ಗೆ ತಿಂದ ಮೇವಿನ ಕಾವೂ ಸೇರಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದವು. ಸಂಜೆ ಮೇವು ತಿಂದಿದ್ದ ನಮ್ಮವು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಆಗ ನೀನು ಅವನಿಗೆ, "ಇದು ನನ್ನ ಐಡಿಯಾ ಕಣಯ್ಯ" ಅಂದೆ. ನನಗೆ ಕೇಳಿಸಿತು.

ಕೆಚ್ಚಲು ಇಳಿದಿರುವ ಕೆಂದ ಕಡಸು ನಾಳೆ ಈಯುವಂತಿದೆ. ಅದರ ಮೇಲೆ ಕಣ್ಣಿಡು.

ಡಾಕ್ಟರು ಏನೇ ಹೇಳಲಿ, ಕಾರಿನಿಂದ ಇಳಿದವಳೇ ಅಮ್ಮ ಕೋಲೂರಿಕೊಂಡು ಬೇಲಿಯ ಹತ್ತಿರ ಹೋಗುತ್ತಾಳೆ. ತಡೆಯಲು ನನ್ನಿಂದಾಗದು. ಅಲ್ಲಿ ಅವಳಿಗೆ ಎದ್ದು ನಿಂತ ಕರು ಕಾಣಬೇಕು.

ಬ್ರಾನ್