ಎಳೆದು ಬಡಿಯುವ ಬಾಗಿಲು

ಜೂನ್ 4, ಮಂಗಳವಾರ

ಬ್ರೇಕ್ ಲೈಟ್ ಸ್ವಿಚ್ ಬದಲಾಯಿಸಿದೆ. ಬಲಗಡೆ ಇಂಡಿಕೇಟರಿನ ತುಕ್ಕು ಉಜ್ಜಿದೆ — ಉರಿಯುತ್ತಿದೆ. ಎಡಬಾಗಿಲ ಲ್ಯಾಚ್ ಮಾತ್ರ ಹಾಗೇ ಇದೆ. ಎಳೆದು ಬಡಿದರೇ ಕೂರುವುದು. ಊರಿಗೆಲ್ಲ ಬಾಗಿಲು ಮಾಡಿಕೊಡುವ ಬಡಗಿಯ ಪಿಕಪ್ಪಿಗೆ ನೆಟ್ಟಗೆ ಒಂದು ಬಾಗಿಲಿಲ್ಲ. ನಗುವವರು ನಗಲಿ. ಇಪ್ಪತ್ತೆರಡು ವರ್ಷದ ಗಾಡಿ, ಮಗಳಿಗಿಂತ ಎರಡೇ ವರ್ಷ ಚಿಕ್ಕದು.

ಮಧ್ಯಾಹ್ನ 3

ಇವಳು ಚಹಾ ತಂದಿಟ್ಟು ಅಲ್ಲೇ ನಿಂತಳು. ನಿಂತಳು ಎಂದರೆ ಏನೋ ಇದೆ. ಮಗಳ ಪಕ್ಕದ ಮನೆಯ ಟೈಲರಮ್ಮ ಫೋನ್ ಮಾಡಿದ್ದಳಂತೆ. ಅಳಿಯ ಹೊಡೆದಿದ್ದಾನೆ. ಮಗಳ ಮುಂದಿನ ಎರಡು ಹಲ್ಲು ಹೋಗಿವೆ. ಹೋದ ತಿಂಗಳು ‘ಬಚ್ಚಲಲ್ಲಿ ಜಾರಿದೆ ಅಪ್ಪ’ ಎಂದಿದ್ದಳು. ನಾನೂ ನಂಬಿದ್ದೆ, ಪೆದ್ದ.

ಜಾಕಿನ ರಾಡು ತೆಗೆದು ಅಂಗಳದ ದಿಮ್ಮಿಗೆ ಒಂದು ಬಿಟ್ಟೆ. ತೊಗಟೆ ಹಾರಿತು. ಇನ್ನೊಂದು ಬಿಟ್ಟೆ. ತೂಕ ಸರಿಯಾಗಿದೆ. ರಾಡು ಈಗ ಸೀಟಿನ ಕೆಳಗಿದೆ. ಅಳಿಯನಿಗೆ ಕಾರ್ಖಾನೆಯಲ್ಲಿ ಗುರುವಾರ ರಜೆ. ಎರಡು ಗಂಟೆ ದಾರಿ. ಬೆಳಿಗ್ಗೆ ಎಂಟೂವರೆಗೆ ಮೊದಲೇ ಹಿಡಿಯಬೇಕು, ಆಮೇಲೆ ಕುಡಿಯಲು ಹೋಗಿಬಿಡುತ್ತಾನೆ. ಅವನ ಬಾಯಲ್ಲಿ ಒಂದೂ ಉಳಿಸುವುದಿಲ್ಲ.

ಜೂನ್ 6, ಗುರುವಾರ

ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದೆ. ಟಕ್ ಎನ್ನಲೂ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ಟರ್ಮಿನಲ್ ಸಡಿಲ, ನಟ್ಟೇ ಇಲ್ಲ. ಎಲ್ಲೋ ಉದುರಿದೆ. ಮಣ್ಣು ಕೆದಕಿದೆ, ಡಬ್ಬಿಗಳನ್ನೆಲ್ಲ ಸುರುವಿದೆ. ಆ ಅಳತೆಯದು ಸಿಕ್ಕುವಾಗ ಹತ್ತೂವರೆ. ಅಡುಗೆ ಸೋಡಾ, ಬಿಸಿನೀರು, ಹಳೇ ಬ್ರಷ್ಷು ಹಾಕಿ ಬಿಳಿ ಪುಡಿ ತೊಳೆದೆ. ಕೂಡಿಸಿದ ತಕ್ಷಣ ಸ್ಟಾರ್ಟ್! ಏನು ಪ್ರಯೋಜನ.

ಬಸ್ಸಿಗೆ ಹೋಗಬಹುದಿತ್ತು. ಮಾರುದ್ದ ರಾಡು ಹಿಡಿದು ಹತ್ತಿದರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತಾನೆ.

ಜೂನ್ 13, ಗುರುವಾರ

ಗೇಟು ದಾಟಿತು, ಕೆಮ್ಮಿತು, ನಿಂತಿತು. ಡೀಸೆಲ್ ಲೈನಿಗೆ ಗಾಳಿ ಹೊಕ್ಕಿದೆ. ಫಿಲ್ಟರಿನ ಮೇಲಿನ ಸ್ಕ್ರೂ ಒಂದು ಸುತ್ತು ಸಡಿಲ. ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಬೊಬ್ಬೆ ಎದ್ದಿತು. ಇವಳು ಎಂದಿನಂತೆ ಟಾರ್ಚು ಹಿಡಿದು ಬಗ್ಗಿದ್ದಳು. ‘ಇನ್ನೂ ಗುಳ್ಳೆ ಬರ್ತಿದೆ ನೋಡಿ’ ಎನ್ನುತ್ತಲೇ ಇದ್ದಳು. ಒಂಬತ್ತಾಯಿತು. ಸ್ಪ್ಯಾನರ್ ಬೀಸಿ ಎಸೆದೆ, ಗೋಡೆಯ ಗಾರೆ ಬಿತ್ತು. ಇವಳು ಹೋಗಿ ಎತ್ತಿಕೊಂಡು ಬಂದಳು. ಇಪ್ಪತ್ತು ವರ್ಷದಿಂದ ಇದೇ ಕೆಲಸ — ನಾನು ಎಸೆಯುವುದು, ಅವಳು ಎತ್ತಿಕೊಡುವುದು. ಹೀಗೆಯೇ ಗಾಡಿಯ ಒಳಗು ಹೊರಗು ಕಲಿತಳು. ನನ್ನ ಬೆನ್ನು ಹಿಡಿದ ವರ್ಷ ಇವಳೇ ಓಡಿಸಿ ಗಿರಾಕಿಗಳಿಗೆ ಬಾಗಿಲುಗಳನ್ನು ಮುಟ್ಟಿಸಿ ಬಂದಿದ್ದಳು.

ಸಂಜೆ ಮಗಳ ಫೋನು. ಮಾತು ಗಾಳಿ ಗಾಳಿ, ಹಲ್ಲಿಲ್ಲದ್ದಕ್ಕೆ.

‘ಬರಬೇಡಿ ಅಪ್ಪ. ನಿಮ್ಮ ಕೋಪ ನನಗೆ ಗೊತ್ತು.’

ನನ್ನ ಕೋಪವಂತೆ! ಹೊಡೆದವನು ಅವನು.

ಜೂನ್ 20, ಗುರುವಾರ

ಮತ್ತೆ ಟಕ್ ಇಲ್ಲ. ಟರ್ಮಿನಲ್ ಬಿಗಿಯಾಗಿದೆ, ನಟ್ಟೂ ಇದೆ. ಫ್ಯೂಸು ಸರಿ. ಕೊನೆಗೆ ಟರ್ಮಿನಲ್ ಬಿಚ್ಚಿದೆ. ಒಳಗೆ, ಬ್ಯಾಟರಿಯ ಸೀಸದ ಗುಬಟಿಗೆ, ಕಪ್ಪು ಇನ್ಸುಲೇಷನ್ ಟೇಪು. ಎರಡು ಸುತ್ತು. ಟೇಪು ತಾನಾಗಿ ನಡೆದುಕೊಂಡು ಹೋಗಿ ಸುತ್ತಿಕೊಳ್ಳುವುದಿಲ್ಲ.

ಸುತ್ತಿನ ಒಂದು ಕಡೆ ನೆರಿಗೆ ಇತ್ತು. ಆ ನೆರಿಗೆ ನನಗೆ ಗೊತ್ತು. ಈ ಗಾಡಿಯ ಅರ್ಧ ವೈರುಗಳ ಮೇಲೆ ಅದೇ ನೆರಿಗೆ ಇದೆ. ಇವಳ ಬಲಗೈ ಕಿರುಬೆರಳು ಮಡಚುವುದಿಲ್ಲ, ಟೇಪು ಅಲ್ಲಿ ಸಡಿಲ ಬೀಳುತ್ತದೆ.

ಕೂಗಿದೆ. ಬಂದಳು. ಟೇಪು ಮುಖದ ಮುಂದೆ ಹಿಡಿದೆ. ಇಲ್ಲ ಎನ್ನಲಿಲ್ಲ.

‘ನಟ್ಟು?’

‘ನಾನೇ.’

‘ಸ್ಕ್ರೂ?’

‘ಅದೂ ನಾನೇ. ಬ್ರೇಕಿಗೆ ಕೈ ಹಾಕಿಲ್ಲ. ಸ್ಟೇರಿಂಗಿಗೂ ಹಾಕಿಲ್ಲ.’

ಕೈ ಎತ್ತಿದೆ. ಎಲ್ಲಿಗೆ ಬೀಳುತ್ತಿತ್ತೋ ಗೊತ್ತಿಲ್ಲ. ಹೆಡ್‌ಲೈಟಿಗೆ ಬಿತ್ತು. ಗಾಜು ಗೆಣ್ಣಿನೊಳಗೆ ಇಳಿಯಿತು, ರಕ್ತ ಬಂಪರ್ ಮೇಲೆ ಸುರಿಯಿತು. ಇವಳು ಕಣ್ಣು ಸಹ ಮಿಟುಕಿಸಲಿಲ್ಲ. ಅದೇ ಟೇಪಿನ ಸುರುಳಿ ತಂದು ನನ್ನ ಕೈಗೆ ಬಟ್ಟೆ ಕಟ್ಟಿ ಸುತ್ತುತ್ತ ಹೇಳಿದಳು:

‘ಎರಡು ವಾರದಿಂದ ಅವನನ್ನ ಹೊಡೀತೀನಿ, ಕಡೀತೀನಿ ಅಂತಿದ್ದೀರ. ಮಗಳನ್ನ ಕರ್ಕೊಂಡು ಬರ್ತೀನಿ ಅಂತ ಒಂದು ಸಲ ಅಂದ್ರಾ? ನೀವು ಹೋದ್ರೆ ಒಂದು ಹೆಣ ಬೀಳುತ್ತೆ. ಯಾರದೇ ಬೀಳಲಿ, ಅವಳ ಬದುಕು ಹೋಯ್ತು.’

ಬಾಯಿಗೆ ಬಂದದ್ದೆಲ್ಲ ಅಂದೆ. ಬರೆಯುವಂಥದ್ದಲ್ಲ.

ಜೂನ್ 22

ಇವಳು ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಆ ಕಿರುಬೆರಳೇ ಕಣ್ಣಿಗೆ ಬೀಳುತ್ತಿದೆ. ಹದಿನೆಂಟು ವರ್ಷ ಆಯಿತು. ಏನೋ ಜಗಳ — ವಿಷಯವೇ ಮರೆತಿದೆ. ಅವಳು ಎಡಸೀಟಿನಲ್ಲಿ, ಮಡಿಲಲ್ಲಿ ಆರು ವರ್ಷದ ಮಗಳು. ಬಾಗಿಲು ಎಳೆದು ಬಡಿದೆ. ಕೈ ಇತ್ತು. ಕಂಡಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ.

ಕಂಡಿತ್ತು.

ಜೂನ್ 25, ಮಂಗಳವಾರ, ಬೆಳಿಗ್ಗೆ 9

ಒಂದು ಮನೆಯ ಚೌಕಟ್ಟಿನ ಅಳತೆ ತೆಗೆದುಕೊಂಡು ಬಂದೆ. ಅಂಗಳ ಖಾಲಿ. ಎಣ್ಣೆ ಕಲೆ ಮಾತ್ರ ಇದೆ. ಪಿಕಪ್ ಇಲ್ಲ, ಇವಳೂ ಇಲ್ಲ. ಟೂಲ್‌ಬಾಕ್ಸ್ ಮೇಲೆ ಜಾಕಿನ ರಾಡು ಇಟ್ಟು ಹೋಗಿದ್ದಾಳೆ. ಮಂಗಳವಾರ ಅವನು ಕೆಲಸದಲ್ಲಿರುತ್ತಾನೆ… ಬುದ್ಧಿವಂತೆ.

ಮಧ್ಯಾಹ್ನ 2

ಬಂದರು. ಮುಂದಿನ ಗಾಜು ಪೂರ್ತಿ ಬಿರುಕು, ಒಂದು ಕಡೆ ತೂತು. ಇವಳ ಹುಬ್ಬಿನ ಮೇಲೆ ಸೀಳು, ಸೀರೆಯ ಹೆಗಲೆಲ್ಲ ರಕ್ತ. ಮಗಳು ಇಳಿದಳು. ಒಂದು ಟ್ರಂಕು, ಒಂದು ದಿಂಬು. ಕತ್ತಿನ ಮೇಲೆ ಐದು ಬೆರಳಿನ ಗುರುತು. ನನ್ನನ್ನು ನೋಡಿ ತುಟಿ ಮುಚ್ಚಿಕೊಂಡಳು, ಹಲ್ಲು ಕಾಣದಿರಲೆಂದು.

ಅವನು ಕೆಲಸಕ್ಕೆ ಹೋಗಿರಲಿಲ್ಲವಂತೆ. ಮಗಳನ್ನು ಹತ್ತಿಸುವಾಗ ಓಡಿ ಬಂದು ಕಿಟಕಿಯಲ್ಲಿ ಕತ್ತು ಹಿಡಿದನಂತೆ, ಇನ್ನೊಂದು ಕೈ ಬಾಗಿಲ ಸಂದಿಯಲ್ಲಿ.

‘ಬಾಗಿಲು ಹಾಕಿದೆ’ ಎಂದಳು ಇವಳು, ನೀರು ಕುಡಿಯುತ್ತ.

‘ಅವನ ಕೈ?’

‘ಇತ್ತು. ಮೊದಲನೇ ಸಲಕ್ಕೆ ಕೂರಲಿಲ್ಲ. ಇನ್ನೊಂದು ಸಲ ಬಡಿದೆ. ಆ ಬಾಗಿಲು ಎಳೆದು ಬಡಿದ್ರೇನೇ ಕೂರೋದು, ನಿಮಗೆ ಗೊತ್ತಲ್ಲ.’

ಗಾಡಿ ತಿರುಗಿಸಿ ಹೊರಡುವಾಗ ಅವನು ಎದುರಿನಿಂದ ಎಸೆದ ಕಲ್ಲು ಗಾಜಿಗೆ ಬಿದ್ದದ್ದು.

ಸಂಜೆ ಅವನ ಫೋನು. ಮೂರು ಬೆರಳು ಪುಡಿಯಾಗಿವೆ, ಕೇಸ್ ಹಾಕುತ್ತೇನೆ ಎಂದು ಕಿರುಚಾಟ. ನನ್ನ ಕೈಯಿಂದ ಇವಳೇ ಫೋನ್ ತೆಗೆದುಕೊಂಡಳು. ‘ಹಾಕಪ್ಪ, ಧಾರಾಳವಾಗಿ ಹಾಕು. ಅವಳು ತೆಗೆದಿಟ್ಟಿದ್ದ ಹಲ್ಲು ಎರಡೂ ಪೊಟ್ಟಣ ಕಟ್ಟಿ ಇಟ್ಕೊಂಡಿದ್ದೀನಿ. ಸ್ಟೇಷನ್ನಿಗೆ ಅದನ್ನೂ ತರ್ತೀನಿ.’ ಆ ಕಡೆಯಿಂದ ಫೋನ್ ಕಟ್ ಆಯಿತು.

ಜೂನ್ 27, ಗುರುವಾರ

ಇವತ್ತು ಯಾರನ್ನೂ ಹೊಡೆಯಲು ಹೋಗುವುದಿಲ್ಲ. ಬೆಳಿಗ್ಗೆ ಎಡಬಾಗಿಲಿಗೆ ಕೂತೆ. ಒಳಗಿನ ಪ್ಯಾನೆಲ್ ಬಿಚ್ಚಿದೆ. ಲ್ಯಾಚಿನ ಹಲ್ಲಿನಲ್ಲಿ ಒಣಗಿದ ರಕ್ತ, ಒಂದು ಉಗುರಿನ ಚೂರು. ಸೀಮೆಎಣ್ಣೆಯಲ್ಲಿ ತೊಳೆದೆ. ಸ್ಪ್ರಿಂಗು ತುಂಡಾಗಿದೆ, ಅಷ್ಟೇ. ಬೆರಳುದ್ದದ ಸ್ಪ್ರಿಂಗು. ಬೀಗದ ಕೆಲಸಕ್ಕೆಂದು ತಂದದ್ದರಲ್ಲಿ ಒಂದು ಹೊಂದಿತು. ಗ್ರೀಸ್ ಹಚ್ಚಿದೆ, ಲ್ಯಾಚು ಸಿಕ್ಕಿಕೊಳ್ಳುವ ಬಾಗಿಲ ಕಂಬದ ಕೊಕ್ಕೆಯನ್ನು ಒಂದು ಕೂದಲಷ್ಟು ಸರಿಸಿದೆ. ಮುಕ್ಕಾಲು ಗಂಟೆ. ಇದನ್ನು ಹದಿನೆಂಟು ವರ್ಷ ಮಾಡಲಿಲ್ಲ.

ಈಗ ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಕ್ಲಿಕ್ ಎಂದು ಕೂರುತ್ತದೆ. ಇಬ್ಬರನ್ನೂ ಕರೆದೆ. ಮಗಳು ಎಡಸೀಟಿನಲ್ಲಿ ಕೂತಳು, ಇವಳು ಪಕ್ಕದಲ್ಲಿ ಬಾಗಿಲ ಕಂಬ ಹಿಡಿದು ನಿಂತಳು. ‘ನೋಡಿ, ಎಷ್ಟು ಹಗುರ’ ಎಂದು ತೋರಿಸಲು ಬಾಗಿಲಿನ ಕಡೆ ಕೈ ಎತ್ತಿದೆ. ಇಬ್ಬರೂ ಒಂದೇ ಸಲಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರು. ಮಗಳು ತಲೆ ತಗ್ಗಿಸಿ ಮುಖಕ್ಕೆ ತೋಳು ಅಡ್ಡ ಹಿಡಿದಳು.

ನಾನು ಬರೀ ಬಾಗಿಲು ತೋರಿಸಲು ಕೈ ಎತ್ತಿದ್ದು.