ನಮ್ಮ ಕಡೆಯದು

ಜುಲೈ 8, ಸೋಮವಾರ. ಬೆಳಿಗ್ಗೆ 7.40
ಮಗಳು ನಂದಾಳ ಅಂಗಿ ಗುಂಡಿ ಇವತ್ತೂ ಒಂದು ಮೇಲೆ, ಒಂದು ಕೆಳಗೆ. ಒಂಬತ್ತು ವರ್ಷ. ಬಿಚ್ಚಿ ಮತ್ತೆ ಹಾಕಿಕೋ ಎಂದೆ. ಮೂರನೇ ಗುಂಡಿಗೆ ಬರುವಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಸದ್ದು — ಓಡಿದಳು. ಹೊಸ್ತಿಲು ಎಡವಿ ಅವರಮ್ಮನಿಗೆ ಡಿಕ್ಕಿ. ದಾಕ್ಷಾಯಿಣಿಯ ಕೈಲಿದ್ದ ಚಹಾ ಎಲ್ಲ ನೆಲಕ್ಕೆ.
ಹೊಡೆದೆ. ಗುಂಡಿ ಹಾಕಲು ಬಾರದ ನಂದಾಳ ಆ ಕೈಗೇ ಹೊಡೆದೆ.
ಮಗಳು ಅಳಲಿಲ್ಲ. ಅದೇ... ಮಸಗುಪ್ಪಿಯ ನನ್ನ ಶಾಲೆಗೆ ಹೋಗುವ ಬಸ್ಸಿಗೆ ಹೊತ್ತಾಯಿತು.

ಜುಲೈ 13, ಶನಿವಾರ. ಸಂಜೆ
ಗೋಕಾಕದ ಮಕ್ಕಳ ಡಾಕ್ಟರು. ಚೆಂಡು ಎಸೆದರು, ನಂದಾ ಹಿಡಿಯಲಿಲ್ಲ. ಒಂಟಿಕಾಲಲ್ಲಿ ನಿಲ್ಲಿಸಿದರು, ಎರಡು ಎಣಿಸುವಷ್ಟರಲ್ಲಿ ವಾಲಿದಳು. ಎಡಿಎಚ್‌ಡಿ ಎಂದು ಹೋದ ತಿಂಗಳೇ ಹೇಳಿದ್ದರು. ಇವತ್ತು ಇದೊಂದು.
"ಇಂಥಾ ಮಕ್ಕಳೊಳಗ ಭಾಳ ಮಂದಿಗೆ ಕೈಕಾಲಿನ ಹಿಡಿತಾನೂ ಕಷ್ಟ ಇರತೈತ್ರಿ. ಹಠ ಅಲ್ಲ, ಮೈಗಳ್ಳತನ ಅಲ್ಲ. ಎರಡೂ ಕೂಡೇ ಮನೆತನದಾಗ ಬರೂದು ಐತಿ. ನಿಮ್ಮಿಬ್ಬರೊಳಗ ಯಾರಿಗರೆ ಸಣ್ಣವರಿದ್ದಾಗ ಹಿಂಗ ಇತ್ತೇನ್ರಿ?"
"ಇಲ್ರಿ," ಎಂದೆ. ತಕ್ಷಣ.
ದಾಕ್ಷಾಯಿಣಿ ನನ್ನ ಮುಖ ನೋಡಿದಳು.
ಕೊಣ್ಣೂರಿನ ಮನೆಗೆ ಅವಳ ಸ್ಕೂಟಿಯಲ್ಲೇ ವಾಪಸ್ಸು. ಅವಳು ಮುಂದೆ, ನಡುವೆ ನಂದಾ, ಹಿಂದೆ ನಾನು. ನನಗೆ ಸೈಕಲ್ಲೂ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ಹೈಸ್ಕೂಲ್ ಮಾಸ್ತರ. ನನ್ನ ಅಕ್ಷರ ಸೊಟ್ಟ, ಬೋರ್ಡಿನ ಮೇಲೆ ಮಕ್ಕಳಿಂದಲೇ ಬರೆಸುತ್ತೇನೆ. ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ.

ಜುಲೈ 14
ಡಾಕ್ಟರು ಹೇಳಿದ್ದನ್ನೆಲ್ಲ ಅವ್ವನಿಗೆ ಹೇಳಿದೆವು.
"ಹಂಗಾರ ಇದು ಯಮಕನಮರಡಿ ಕಡೇದು," ಅಂದಳು ಅವ್ವ. "ನಮ್ಮ ಮನ್ಯಾಗ ಇಂಥಾದ್ದು ಯಾರಿಗೂ ಇಲ್ಲ."
ಯಮಕನಮರಡಿ ದಾಕ್ಷಾಯಿಣಿಯ ತವರು. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ನಾನೇನಾದರೂ ಅನ್ನುತ್ತೇನೆಂದು ಕಾದಳು.
ನೀರು ಕುಡಿದೆ.

ಆಗಸ್ಟ್ 3, ಶನಿವಾರ
ಬರೆಯಲಾಗಿಲ್ಲ. ಮನೆಯಲ್ಲಿ ದಿನವೂ ಅದೇ ಮಾತು. ಇವತ್ತು ದಾಕ್ಷಾಯಿಣಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಳು. ನಾಗರ ಪಂಚಮಿಗೆ ಇನ್ನೂ ಆರು ದಿನ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಅಂದಳು:
"ದವಾಖಾನ್ಯಾಗ ನೀವು ಸುಳ್ಳ ಹೇಳಿದ್ದು ನನಗ ಗೊತ್ತೈತಿ. ನನಗ ಏನಂದರೂ ನಡೀತಿತ್ತು. ತಾನು ಒಬ್ಬಾಕಿನ ಹಿಂಗಿಲ್ಲ ಅಂತ ಆ ಕೂಸಿಗರೆ ತಿಳೀಬೇಕಿತ್ತು."
ಬಸ್ಸು ಹೋಯಿತು.

ಆಗಸ್ಟ್ 8, ಗುರುವಾರ. ಮುಂಜಾನೆ
ಹೇಳಿಬಿಟ್ಟೆ. "ಇದು ನಂದು, ಅವ್ವಾ. ದಾಕ್ಷಾಯಿಣೀದಲ್ಲ."
ಪಂಚಮಿ ಉಂಡಿಗೆ ಶೇಂಗಾ ಹುರಿಯುತ್ತಿದ್ದಳು. ತಲೆ ಎತ್ತಲಿಲ್ಲ.
"ನನಗ ಗೊತ್ತಿಲ್ಲೇನೋ ಶಿವೂ? ಎಂಟನೇ ಇಯತ್ತೆ ತನಕ ನಿನ್ನ ಚೊಣ್ಣದ ಲಾಡಿ ಕಟ್ಟಿದಾಕಿ ನಾನು. ನಿಮ್ಮಪ್ಪ ಬಾರಕೋಲ ತಗೊಂಡಾಗ ಅಡ್ಡ ಬಿದ್ದಾಕೀನೂ ನಾನ. ಈಗ ಮಾಸ್ತರ ಆಗೀ... ನಾಕ ಮಂದ್ಯಾಗ ನಿನ್ನ ಹೆಸರ ಬರಬಾರದಂತ ನಾನ ಸೊಸೀ ಮ್ಯಾಲ ಹಾಕಿದೆ."
ಶೇಂಗಾ ಸೀದುಹೋಯಿತು.

ಆಗಸ್ಟ್ 11, ಭಾನುವಾರ. ಮಧ್ಯಾಹ್ನ 3
ಯಮಕನಮರಡಿ. ಎಲ್ಲವನ್ನೂ ಮೊದಲು ದಾಕ್ಷಾಯಿಣಿಗೆ ಹೇಳಿದೆ, ಅವ್ವ ಅಂದದ್ದನ್ನೂ. ಕ್ಷಮಿಸಿದಳೋ ಇಲ್ಲವೋ. "ನನಗ ಬ್ಯಾಡ. ಆಕೀಗೆ ಹೇಳ್ರಿ," ಎಂದಳು.
ನಂದಾ ಕಟ್ಟೆಯ ಮೇಲೆ ಇದ್ದಳು. ಜೋಕಾಲಿಯಿಂದ ಬಿದ್ದು ಮೊಣಕಾಲು ತರಚಿದೆ. ಪಕ್ಕ ಕೂತೆ. ನನಗೂ ನಿನ್ನ ಹಾಗೇ ಇತ್ತು, ನನ್ನಪ್ಪ ಹೊಡೆಯುತ್ತಿದ್ದ, ಆದರೆ ನಾನು ಬೇಕಂತ ಮಾಡುತ್ತಿರಲಿಲ್ಲ. ನೀನೂ ಬೇಕಂತ ಮಾಡುವುದಿಲ್ಲ. ನಿನ್ನನ್ನು ಹೊಡೆದದ್ದು ತಪ್ಪಾಯಿತು — ಹೇಗೋ ಹೇಳಿ ಮುಗಿಸಿದೆ.
ಎಷ್ಟೋ ದಿನದ ಮೇಲೆ ನನ್ನತ್ತ ತಿರುಗಿದಳು. ನನ್ನ ಕೈ ಹಿಡಿದು ಅತ್ತ ಇತ್ತ ಹೊರಳಿಸಿ ನೋಡಿದಳು.
"ಹಂಗಾರ ನಿಂದು ಯಾವಾಗ ಹೋತು, ಅಪ್ಪಾ?"
ನೀರು ಕುಡಿದು ಬರುತ್ತೇನೆಂದು ಒಳಗೆ ಎದ್ದುಬಂದು ಇದನ್ನು ಬರೆಯುತ್ತಿದ್ದೇನೆ. ಅಭ್ಯಾಸದಿಂದ ಸುಧಾರಿಸುತ್ತದೆ ಎಂದಿದ್ದರು ಡಾಕ್ಟರು. ಹೋಗುತ್ತದೆ ಎಂದಿರಲಿಲ್ಲ. ಅವಳಿಗೆ ಏನಂತ... ಬಾಗಿಲಿಗೆ ಬಂದು ನಿಂತಿದ್ದಾಳೆ. ಕುಂಟುತ್ತ ಬಂದಿದ್ದಾಳೆ. ಮತ್ತೆ ಕೇಳುತ್ತಿದ್ದಾಳೆ, ನಾನು ಪೆನ್ನು ಇಟ್ಟು ಹೇಳಬೇಕು: ನಂದೂ ಹೋಗಿಲ್ಲ.