ಬೇಗ ಮುಗಿದುಹೋದ ಕಟ್ಟಡ

ಮಾರ್ಚ್ ೧೧, ಮಂಗಳವಾರ

ಹೊಸ ಕಟ್ಟಡ ಒಂದು ತಿಂಗಳು ಮೊದಲೇ ಸಿದ್ಧವಾಗಿಬಿಟ್ಟಿದೆ! ಎಲ್ಲರಿಗೂ ಸಂತೋಷ, ನನಗೊಬ್ಬಳಿಗೆ ಪೀಕಲಾಟ. ಇಡೀ ಆಸ್ಪತ್ರೆಯನ್ನು ಅಲ್ಲಿಗೆ ಸಾಗಿಸುವ ಯೋಜನೆಗೆ ನಾನೇ ಮುಖ್ಯಸ್ಥೆ. ಕಟ್ಟಡ ತಡವಾದರೆ, ಲಿಫ್ಟ್ ಕೈಕೊಟ್ಟರೆ, ಡಾಕ್ಟರುಗಳು ಮುನಿಸಿಕೊಂಡರೆ, ಎಲ್ಲಕ್ಕೂ ಉಪಾಯ ಯೋಚಿಸಿಟ್ಟಿದ್ದೆ. ಬೇಗ ಮುಗಿದರೆ? ಕಂಟ್ರಾಕ್ಟರ್ ಹೀಗೆ ಮೋಸ ಮಾಡುತ್ತಾನೆಂದು ಯಾರಿಗೆ ಗೊತ್ತಿತ್ತು!

"ಏನಮ್ಮ, ಯಾವಾಗ ಹೊರಡೋಣ?" ಅಂದರು ನಿರ್ದೇಶಕರು. ನಾನು ಸುಮ್ಮಸುಮ್ಮನೆ ಫೈಲು ತಿರುವಿಹಾಕತೊಡಗಿದೆ.

"ರಾತ್ರಿಯೊಳಗೆ ಹೇಳಮ್ಮ. ಇಲ್ಲದಿದ್ರೆ ಬೇರೆಯವರಿಗೆ ಒಪ್ಪಿಸ್ತೀನಿ."

ಮನೆಗೆ ಬಂದು ಅತ್ತೂ ಅತ್ತೂ ಇವರ ಅಂಗಿಯ ತೋಳನ್ನೆಲ್ಲ ಒದ್ದೆ ಮಾಡಿದೆ. ಅಯ್ಯೋ, ನನ್ನ ಗಂಡ ಎಷ್ಟು ಒಳ್ಳೆಯವರು! ನಗುತ್ತಲೇ ಕೇಳಿದರು: "ಈ ಮನೆಗೆ ಬಂದಾಗ ಎಲ್ಲಾ ಗೊತ್ತಿತ್ತಾ ನಿಂಗೆ? ಬಿಸಿನೀರಿನ ನಲ್ಲಿ ಯಾವುದು ಅಂತ ಕೈ ಸುಟ್ಟುಕೊಂಡ ಮೇಲೆ ತಾನೇ ಗೊತ್ತಾಗಿದ್ದು?"

"ನಿನ್ನ ಗೊರಕೆನೂ ಹಾಗೇ ಗೊತ್ತಾಗಿದ್ದು ಕಣೋ ಅವಳಿಗೆ," ಅಂದರು ಅತ್ತೆ, ಪಕ್ಕದ ಕೋಣೆಯಿಂದ.

ತಕ್ಷಣ ನಿರ್ದೇಶಕರಿಗೆ ಫೋನ್ ಮಾಡಿದೆ. "ಸರ್, ರೋಗಿಗಳು ಆಮೇಲೆ ಬರಲಿ. ನಾಳೆ ನನ್ನ ಮೇಜೊಂದೇ ಹೋಗುತ್ತೆ. ಒಂದು ವಾರ ಅಲ್ಲೇ ಕೂತ್ಕೋತೀನಿ. ಏನೇ ಕೆಟ್ಟಿದ್ರೂ ಮೊದಲು ನನ್ನ ತಲೆ ಮೇಲೇ ಬೀಳಲಿ."

ಅವರು ಆ ಕಡೆ ಯಾರನ್ನೋ ಏನೋ ವಿಚಾರಿಸಿ, ಆಮೇಲೆ ಅಂದರು:

"ಅಲ್ಲಿ ಒಂದು ಫ್ಯಾನೂ ತಿರುಗಲ್ವಂತೆ. ಬೀಸಣಿಗೆ ತಗೊಂಡು ಹೋಗಮ್ಮ."

ಅಂದರೆ ಯೋಜನೆ ನನ್ನದೇ! ಇವರನ್ನು ಹಿಡಿದುಕೊಂಡು ಕುಣಿದುಬಿಟ್ಟೆ. ಈಗ ಪಾಪ, ಬೀಸಣಿಗೆ ಹುಡುಕಲು ಅಟ್ಟ ಹತ್ತಿದ್ದಾರೆ. ಅಲ್ಲಿ ಏನೇನಿದೆಯೋ ಇವರಿಗೂ ಗೊತ್ತಿಲ್ಲವಂತೆ. ಅಯ್ಯೋ, ಏನೋ ದಡಾರನೆ ಬಿತ್ತು, ಒಂದು ನಿಮಿಷ